ಮುಂಬಯಿಯ ಆಟದ ಬಯಲಿನಲ್ಲಿ ಮರ್ಯಾದೆಯ ಪ್ರಶ್ನೆ (1848–1923)

ಆಟಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಗೆದ್ದವರ ಮತ್ತು ಸೋತವರ ಲೆಕ್ಕವನ್ನೇ ಬರೆದಿದ್ದಾರೆ. ಆಟ ನಡೆದ ನೆಲದ ಇತಿಹಾಸವನ್ನು ಬರೆದವರು ವಿರಳ. ಪ್ರತಿಯೊಂದು ಆಟಕ್ಕೂ ಅದರದೇ ಆದ ನಿಯಮಾವಳಿಯುಂಟು. ಎದುರಾಳಿಯೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅದು ವಿಧಿಸುತ್ತದೆ. ಆದರೆ ಒಂದೇ ಬಯಲಿನಲ್ಲಿ ಎರಡು ಬೇರೆ ಬೇರೆ ಪಂದ್ಯಗಳು, ಅಥವಾ ಎರಡು ಬೇರೆ ಬೇರೆ ಆಟಗಳು ನಡೆಯಬೇಕಾಗಿ ಬಂದಾಗ ಒಂದು ಗುಂಪಿನವರು ಇನ್ನೊಂದು ಗುಂಪಿನವರಿಗೆ ಏನನ್ನು ಸಲ್ಲಿಸಬೇಕು ಎಂಬುದನ್ನು ಯಾವ ಆಟದ ನಿಯಮಾವಳಿಯೂ ಹೇಳುವುದಿಲ್ಲ. ಅದು ರೂಢಿಗೆ ಬಿಟ್ಟ ಮಾತು. ಆ ರೂಢಿಯ ಸ್ವರೂಪವೇನು, ಅದು ಎಲ್ಲಿಯವರೆಗೆ ನಿಲ್ಲುತ್ತದೆ, ಅದು ಮುರಿದಾಗ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಮುಂಬಯಿಯ ಎಸ್ಪ್ಲನೇಡ್ ಬಯಲಿನ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮುಂಬಯಿಯನ್ನೇ ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಅಲ್ಲಿ ನಡೆದ ವ್ಯಾಜ್ಯವನ್ನು ಅದರಲ್ಲಿ ಭಾಗಿಯಾಗಿದ್ದವರೊಬ್ಬರೇ ಗ್ರಂಥಸ್ಥಮಾಡಿ ಇಟ್ಟಿದ್ದಾರೆ, ಇದು ಒಂದು. ಇನ್ನೊಂದು ನಮಗೆ ಹತ್ತಿರದ್ದು. ಅಂದು ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಒಬ್ಬ ಆಟಗಾರನ ಬಾಳುವೆಯಲ್ಲಿ ಈ ಪ್ರಶ್ನೆ ತನ್ನ ಅತ್ಯಂತ ಕಠಿನವಾದ ರೂಪವನ್ನು ತಾಳಿತು. ಆ ಸಂಗತಿಗೆ ಮುಂದೆ ಬರುತ್ತೇವೆ.

'ಮರ್ಯಾದೆ' ಎಂಬ ಶಬ್ದದ ಬಗ್ಗೆ ಮೊದಲಿಗೆ ಒಂದು ಮಾತು. ಇಂದು ನಾವು ಅದನ್ನು ಗೌರವವೆಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಮೂಲಾರ್ಥ ಮಾತ್ರ ಎಲ್ಲೆ, ಮೇರೆ. ನಮ್ಮ ಶಾಸನಗಳಲ್ಲಿ 'ಪೂರ್ವಮರ್ಯಾದೆ' ಎಂದರೆ ಹಿಂದಿನಿಂದ ನಡೆದುಬಂದ ಕಟ್ಟುಪಾಡು. ಎಲ್ಲೆ, ಕಟ್ಟುಪಾಡು, ಗೌರವ, ಈ ಮೂರು ಅರ್ಥಗಳೂ ಒಂದೇ ಶಬ್ದದಲ್ಲಿ ಅಡಗಿರುವುದು ನಮ್ಮ ವಿಷಯಕ್ಕೆ ಬಹಳ ಅನುಕೂಲವಾಗಿದೆ. ಏಕೆಂದರೆ ಮುಂಬಯಿಯ ಆಟಗಾರರು ಕೇಳಿದ್ದು ಒಂದು ಅರ್ಥದ ಮರ್ಯಾದೆಯನ್ನು. ಸರಕಾರ ಅವರಿಗೆ ಕೊಟ್ಟದ್ದು ಇನ್ನೊಂದು ಅರ್ಥದ್ದನ್ನು.

ಎಸ್ಪ್ಲನೇಡ್ ಎಂಬುದು ಮೂಲತಃ ಆಟಕ್ಕಾಗಿ ಬಿಟ್ಟ ಬಯಲಲ್ಲ. ಮುಂಬಯಿ ಕೋಟೆಯ ತೋಪುಗಳಿಗೆ ಎದುರಿನಲ್ಲಿ ಯಾವ ಅಡ್ಡಿಯೂ ಇರಬಾರದೆಂದು ಕೋಟೆಯ ಹೊರಗೆ ತೆರವಾಗಿ ಇರಿಸಿದ್ದ ನೆಲ ಅದು. 1860ರ ದಶಕದಲ್ಲಿ, ಸರ್ ಬಾರ್ಟಲ್ ಫ್ರಿಯರ್ ಗವರ್ನರರಾಗಿದ್ದ ಕಾಲದಲ್ಲಿ, ಕೋಟೆಯ ಗೋಡೆಗಳನ್ನು ಕೆಡವಿದ ಮೇಲೆ ಬಯಲಿನ ಸೈನಿಕ ಪ್ರಯೋಜನ ತಪ್ಪಿತು. ನಡುವೆ ರಸ್ತೆಗಳು ಹಾಯ್ದು ಅದು ಹಲವು ತುಂಡುಗಳಾಯಿತು. ಇಂದಿನ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್ ಇವೆಲ್ಲ ಆ ಒಂದೇ ಬಯಲಿನ ಅಂಗಗಳು. ಕವಾತು ಮಾಡುವ ಸಿಪಾಯಿಗಳು, ಗಾಳಿ ಸವಾರಿಗೆ ಬರುವ ದೊರೆಗಳು, ಸಂಜೆ ಸುಮ್ಮನೆ ಬಂದು ಕೂರುವ ಊರಜನ, ಎಲ್ಲರಿಗೂ ಅದು ಬೇಕಾಗಿತ್ತು.

ಇಲ್ಲಿ ಐರೋಪ್ಯ ಸೈನಿಕರು ಆಡುತ್ತಿದ್ದ ಕ್ರಿಕೆಟನ್ನು ನೋಡಿ ಪಾರಸಿ ಹುಡುಗರು ಅದನ್ನು ಅನುಕರಿಸತೊಡಗಿದರು. ಟೊಪ್ಪಿಗೆಯನ್ನು ವಿಕೆಟ್ಟಾಗಿ ನಿಲ್ಲಿಸಿ, ಕೊಡೆಯನ್ನೇ ಬ್ಯಾಟಾಗಿ ಹಿಡಿದು, ಚಿಂದಿ ತುಂಬಿ ಚಮ್ಮಾರರಿಂದ ಹೊಲಿಸಿದ ಓರೆಕೋರೆಯ ಚೆಂಡಿನಿಂದ ಆಡಿದರೆಂದು ಆ ಕಾಲದ ಪಾರಸಿ ಬರಹಗಾರರು ನಗುತ್ತ ನೆನೆದಿದ್ದಾರೆ. ಚಮ್ಮಾರರ ಕೈಕೆಲಸ ಅಷ್ಟು ಸೊಗಸಿನದಲ್ಲವೆಂಬ ಹಾಸ್ಯವೂ ಅಲ್ಲಿದೆ. ಅದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. 1848ರಲ್ಲಿ ಓರಿಯೆಂಟಲ್ ಕ್ರಿಕೆಟ್ ಕ್ಲಬ್ಬೂ 1850ರಲ್ಲಿ ಜೊರಾಸ್ಟ್ರಿಯನ್ ಕ್ಲಬ್ಬೂ ಸ್ಥಾಪಿತವಾದವು. 1866ರಲ್ಲಿ ಹಿಂದೂಗಳು ತಮ್ಮ ಮೊದಲ ಕ್ಲಬ್ಬನ್ನು ಕಟ್ಟಿಕೊಂಡರು. ಬಳಿಕ ಇಂಥ ಚಿಕ್ಕಪುಟ್ಟ ಕ್ಲಬ್ಬುಗಳು ಹಲವಾರು ಹುಟ್ಟಿದವು. ಇವುಗಳಿಗೆ ಸ್ವಂತ ನೆಲವಿರಲಿಲ್ಲ, ಕಟ್ಟಡವಿರಲಿಲ್ಲ. ಎಲ್ಲರೂ ಅದೇ ಬಯಲಿನ ಒಂದೊಂದು ಮೂಲೆಯಲ್ಲಿ ವಿಕೆಟ್ಟು ನೆಟ್ಟು ಆಡುತ್ತಿದ್ದರು.

ಒಂದೇ ಬಯಲಿನಲ್ಲಿ ಅಷ್ಟೊಂದು ಪಂದ್ಯಗಳು ಹೇಗೆ ನಡೆಯಬಲ್ಲವೆಂಬುದನ್ನು ಕಾಣಬೇಕಾದರೆ ಇಂದಿಗೂ ಆಜಾದ್ ಮೈದಾನಕ್ಕೆ ಹೋಗಬಹುದು. ಅಲ್ಲಿ ಇಪ್ಪತ್ತೆರಡು ಪಿಚ್ಚುಗಳಿವೆಯೆಂದು ಎಣಿಸುತ್ತಾರೆ. ಒಂದು ಪಂದ್ಯದ ಎಲ್ಲೆ ಇನ್ನೊಂದರೊಳಗೆ ಹೊಕ್ಕಿರುತ್ತದೆ; ಒಂದು ಪಂದ್ಯದ ಕ್ಷೇತ್ರರಕ್ಷಕನು ಮತ್ತೊಂದು ಪಂದ್ಯದ ಕ್ಷೇತ್ರರಕ್ಷಕನಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಹೊಸದಾಗಿ ನೋಡುವವನಿಗೆ ಅದು ಬರಿಯ ಗೊಂದಲ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಅಲ್ಲೊಂದು ಕಟ್ಟುಪಾಡು ಕಣ್ಣಿಗೆ ಬೀಳುತ್ತದೆ. ಪಕ್ಕದ ಪಂದ್ಯದ ಚೆಂಡು ತನ್ನ ಕಾಲ ಬಳಿಗೆ ಬಂದರೆ ಅದನ್ನು ಎತ್ತಿ ಅವರಿಗೆ ಎಸೆಯಬೇಕು. ಅವರ ಬೌಲರನು ಓಡಿಬರುತ್ತಿರುವಾಗ ಬ್ಯಾಟುಗಾರನ ಕಣ್ಣೆದುರಿಗೆ ಅಡ್ಡಹಾಯಬಾರದು. ಇನ್ನೊಬ್ಬರು ಸಜ್ಜುಗೊಳಿಸಿದ ಪಿಚ್ಚನ್ನು ತುಳಿಯದೆ ಸುತ್ತಿ ಹೋಗಬೇಕು. ಮೇಲಕ್ಕೆ ಹೊಡೆದ ಚೆಂಡು ಪಕ್ಕದವರ ಮೇಲೆ ಬೀಳುವಂತಿದ್ದರೆ ಕೂಗಿ ಎಚ್ಚರಿಸಬೇಕು. ಇವನ್ನು ಯಾರೂ ಬರೆದು ತೂಗುಹಾಕಿಲ್ಲ.

ಈ ರೂಢಿ ನಿಂತಿರುವುದು ಜನರ ಒಳ್ಳೆಯತನದ ಮೇಲೆ ಮಾತ್ರವೆಂದು ನಾವು ತಿಳಿಯುವುದಿಲ್ಲ. ಅದರ ಆಧಾರ ಪರಸ್ಪರತೆ. ನಾನು ಇಂದು ನಿನ್ನ ಪಿಚ್ಚನ್ನು ತುಳಿದರೆ ನಾಳೆ ನೀನು ನನ್ನದನ್ನು ತುಳಿಯಬಲ್ಲೆ. ನಿನ್ನ ಚೆಂಡನ್ನು ನಾನು ಮರಳಿಸದಿದ್ದರೆ ನನ್ನ ಚೆಂಡೂ ಮರಳುವುದಿಲ್ಲ. ಇಬ್ಬರಿಂದ ಇಬ್ಬರಿಗೂ ಒಂದೇ ಬಗೆಯ ಕೇಡು ಸಾಧ್ಯವಿರುವಲ್ಲಿ ರೂಢಿ ತಾನಾಗಿ ಬೇರು ಬಿಡುತ್ತದೆ. ಕೇಡು ಒಂದೇ ದಿಕ್ಕಿನಲ್ಲಿ ಹರಿಯುವಲ್ಲಿ ಅದು ಬೇರು ಬಿಡಲಾರದು. ಎಸ್ಪ್ಲನೇಡ್ ಬಯಲಿಗೆ ಕುದುರೆಗಳು ಇಳಿದಾಗ ಆದದ್ದು ಇದೇ.

ಪೋಲೋ ಆಟ ಮಣಿಪುರದ್ದು. ಅಲ್ಲಿಯವರಿಂದ ಅದನ್ನು ಕಲಿತ ಕಾಛಾಡಿನ ಇಂಗ್ಲಿಷ್ ಚಹಾ ತೋಟಗಾರರು 1859ರಲ್ಲಿ ಸಿಲ್ಚಾರಿನಲ್ಲಿ ಕ್ಲಬ್ಬು ಮಾಡಿಕೊಂಡರು. ಕೆಲವೇ ವರ್ಷಗಳಲ್ಲಿ ಅದು ಸೈನ್ಯಾಧಿಕಾರಿಗಳ ಅಚ್ಚುಮೆಚ್ಚಿನ ಆಟವಾಯಿತು. ನಮ್ಮ ವ್ಯಾಜ್ಯದಲ್ಲಿ ದೇಶದ ಆಟವನ್ನು ಐರೋಪ್ಯರೂ ಐರೋಪ್ಯರ ಆಟವನ್ನು ದೇಶೀಯರೂ ಆಡುತ್ತಿದ್ದರೆಂಬುದು ಒಂದು ವಿನೋದ. 1875ರಲ್ಲಿ ಸ್ಥಾಪಿತವಾದ ಬಾಂಬೆ ಜಿಮಖಾನೆ ಐರೋಪ್ಯರಿಗೆ ಮಾತ್ರ ಮೀಸಲಾದ ಸಂಸ್ಥೆ. ಬಯಲಿನ ಒಂದು ಭಾಗದಲ್ಲಿ ಅದಕ್ಕೆ ತನ್ನದೇ ಆದ ಕ್ರಿಕೆಟ್ ಅಂಗಣವೂ ಪೆವಿಲಿಯನ್ನೂ ಇದ್ದವು. ಅದರ ಸದಸ್ಯರಲ್ಲಿ ಕೆಲವರು ವಾರಕ್ಕೆ ಎರಡು ದಿನ ಪೋಲೋ ಆಡುತ್ತಿದ್ದರು. ಆದರೆ ಆಡುತ್ತಿದ್ದುದು ತಮ್ಮ ಅಂಗಣದಲ್ಲಿ ಅಲ್ಲ. ಅಲ್ಲಿ ಆಡಿದರೆ ಹುಲ್ಲು ಹಾಳಾಗುತ್ತಿತ್ತು. ದೇಶೀಯರು ಕ್ರಿಕೆಟ್ ಆಡುತ್ತಿದ್ದ ಬಯಲಿನಲ್ಲಿ ಆಡುತ್ತಿದ್ದರು.

ಕುದುರೆಯ ಗೊರಸು ಮೆತ್ತನೆಯ ನೆಲದಲ್ಲಿ ಗುಳಿ ಮಾಡುತ್ತದೆ; ನೆಲ ಒಣಗಿದಾಗ ಗುಳಿಯ ಅಂಚು ಗಟ್ಟಿಯಾಗುತ್ತದೆ. ಅಂಥ ನೆಲದ ಮೇಲೆ ಬಿದ್ದ ಚೆಂಡು ಎತ್ತ ಪುಟಿಯುವುದೆಂದು ಹೇಳಲಾಗದು. ಪಿಚ್ಚನ್ನು ನೀರು ಹಾಕಿ, ಮಟ್ಟಮಾಡಿ, ರೋಲರ್ ಎಳೆದು ಸಿದ್ಧಪಡಿಸಿದವರ ಶ್ರಮವೆಲ್ಲ ಒಂದೇ ಸಂಜೆಯಲ್ಲಿ ವ್ಯರ್ಥವಾಗುತ್ತಿತ್ತು. ಕ್ರಿಕೆಟ್ ಆಡುವವರಿಂದ ಕುದುರೆ ಸವಾರರಿಗೆ ಆಗಬಹುದಾದ ಪ್ರತಿಕೇಡು ಯಾವುದೂ ಇರಲಿಲ್ಲ. ಮೇಲಾಗಿ ಸವಾರರು ಆಳುವ ಜನಾಂಗಕ್ಕೆ ಸೇರಿದವರು. ಹೀಗಾಗಿ ಬಯಲಿನ ರೂಢಿಯಲ್ಲಿ ಪರಿಹಾರ ದೊರೆಯದೆ ಆಟಗಾರರು ಸರಕಾರದ ಬಾಗಿಲಿಗೆ ಹೋಗಬೇಕಾಯಿತು.

1881ರಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮಂದಿ ಕ್ರಿಕೆಟ್ ಆಟಗಾರರು ಸಹಿಮಾಡಿದ ಬಿನ್ನಹವೊಂದು ಗವರ್ನರ್ ಸರ್ ಜೇಮ್ಸ್ ಫರ್ಗ್ಯುಸನ್ನರಿಗೆ ಸಲ್ಲಿತು. ಈ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾದ ಶಾಪೂರ್ಜಿ ಸೊರಾಬ್ಜಿಯವರು 1897ರಲ್ಲಿ ಪ್ರಕಟಿಸಿದ ಗ್ರಂಥವೇ ಈ ಬಗ್ಗೆ ನಮಗಿರುವ ಮುಖ್ಯ ಆಧಾರ. ಪಾರಸಿಗಳ ಕ್ರಿಕೆಟ್ಟಿನ ವೃತ್ತಾಂತದ ಜೊತೆಗೆ ಐರೋಪ್ಯರ ಪೋಲೋ ಮತ್ತು ದೇಶೀಯರ ಕ್ರಿಕೆಟ್ಟು ಇವುಗಳ ನಡುವಣ ಹೋರಾಟವನ್ನೂ ಅದು ತನ್ನ ಶೀರ್ಷಿಕೆಯಲ್ಲಿಯೇ ಹೇಳುತ್ತದೆ. ಇಲ್ಲಿ 'ಪಾರಸಿಗಳ ಕ್ರಿಕೆಟ್' ಎನ್ನದೆ 'ದೇಶೀಯರ ಕ್ರಿಕೆಟ್' ಎಂದಿರುವುದು ಗಮನಾರ್ಹ. ಬಯಲನ್ನು ಹಂಚಿಕೊಂಡವರು ತಮ್ಮನ್ನು ಒಂದೇ ಪಕ್ಷವೆಂದು ಎಣಿಸಿಕೊಂಡಿದ್ದ ಕಾಲವದು.

ಅವರ ವಾದದ ರೀತಿ ನಮಗೆ ಮೆಚ್ಚಿಕೆಯಾಗುತ್ತದೆ. ಪೋಲೋ ಆಟವನ್ನು ನಿಲ್ಲಿಸಿರೆಂದು ಅವರು ಕೇಳಲಿಲ್ಲ. ಬಯಲು ತಮ್ಮೊಬ್ಬರದೇ ಎಂದೂ ಹೇಳಲಿಲ್ಲ. ಕೆಲವೇ ಮಂದಿಯ ವಿನೋದಕ್ಕಾಗಿ ನೂರಾರು ಮಂದಿಯ ಆಟ ಕೆಡಬಾರದು, ಒಬ್ಬರು ಬಳಸಿದ ಮೇಲೆ ನೆಲ ಇನ್ನೊಬ್ಬರಿಗೆ ಬಳಸಲು ಯೋಗ್ಯವಾಗಿ ಉಳಿಯಬೇಕು ಎಂಬುದಿಷ್ಟೇ ಅವರ ಮಾತಿನ ಸಾರ. ಇದು ಹಕ್ಕಿನ ಮಾತಿಗಿಂತ ಹೆಚ್ಚಾಗಿ ನಡತೆಯ ಮಾತು. ಜಿಮಖಾನೆಯ ಸದಸ್ಯರು ಸ್ವಂತ ಅಂಗಣದ ಹುಲ್ಲಿನ ಬಗ್ಗೆ ತೋರುತ್ತಿದ್ದ ಕಾಳಜಿಯನ್ನು ಬೇರೆಯವರ ಹುಲ್ಲಿನ ಬಗ್ಗೆಯೂ ತೋರಲಿ ಎಂಬ ಅಪೇಕ್ಷೆ.

ಸರಕಾರ ಮೊದಲು ಬಿನ್ನಹವನ್ನು ಮನ್ನಿಸಿ ಪೋಲೋ ಆಟಗಾರರನ್ನು ತಡೆಯಿತು. ಬಳಿಕ ಜಿಮಖಾನೆಯವರ ಆಕ್ಷೇಪಣೆಗೆ ಮಣಿದು ಆಜ್ಞೆಯನ್ನು ತಿರುಗಿಸಿತು. ಪತ್ರವ್ಯವಹಾರ ವರ್ಷಗಳವರೆಗೆ ಬೆಳೆಯಿತು. ಅದರ ವಿವರಗಳಲ್ಲಿ ಇಲ್ಲಿ ತೊಡಗುವುದಿಲ್ಲ. ಕಚೇರಿಯ ಕಾಗದಗಳು ಎಲ್ಲ ಕಾಲದಲ್ಲಿಯೂ ಒಂದೇ ರೀತಿ ನಡೆಯುತ್ತವೆ. ನಮಗೆ ಮುಖ್ಯವಾದದ್ದು ಕೊನೆಗೆ ಒದಗಿದ ಪರಿಹಾರದ ಸ್ವರೂಪ. 1885ರಲ್ಲಿ ಪಾರಸಿಗಳು ತಮ್ಮದೇ ಜಿಮಖಾನೆಯನ್ನು ಸ್ಥಾಪಿಸಿಕೊಂಡರು. 1887ರಲ್ಲಿ ಸರಕಾರ ಅವರಿಗೆ ಸಮುದ್ರವನ್ನು ತುಂಬಿ ಪಡೆದ ಕೆನೆಡಿ ಸೀ ಫೇಸ್ ದಂಡೆಯಲ್ಲಿ ನಿವೇಶನ ಕೊಟ್ಟಿತು. ಒಂದು ಸಮಾಜಕ್ಕೆ ಕೊಟ್ಟ ಮೇಲೆ ಉಳಿದವರಿಗೆ ಇಲ್ಲವೆನ್ನುವುದು ಹೇಗೆ? 1890ರಲ್ಲಿ ಗವರ್ನರರಾಗಿ ಬಂದ ಲಾರ್ಡ್ ಹ್ಯಾರಿಸರು ಸ್ವತಃ ಇಂಗ್ಲೆಂಡ್ ತಂಡದ ನಾಯಕರಾಗಿದ್ದವರು. ಅವರ ಆಳ್ವಿಕೆಯಲ್ಲಿ ಹಿಂದೂ ಮತ್ತು ಇಸ್ಲಾಂ ಜಿಮಖಾನೆಗಳಿಗೂ ಅದೇ ಸಾಲಿನಲ್ಲಿ ಸ್ಥಳ ದೊರೆಯಿತು. ಒಂದೊಂದು ಸಮಾಜಕ್ಕೆ ಒಂದೊಂದು ಅಂಗಣವಾದರೆ ಮುಂದೆ ಬರುವ ಅರ್ಜಿದಾರರನ್ನು 'ನಿಮ್ಮ ಸಮಾಜದ ಜಿಮಖಾನೆಗೆ ಸೇರಿಕೊಳ್ಳಿರಿ' ಎಂದು ಕಳುಹಿಸಿಬಿಡಬಹುದೆಂಬುದು ಅವರ ಎಣಿಕೆ. ಆಡಳಿತದ ದೃಷ್ಟಿಯಿಂದ ಇದು ಸುಲಭದ ದಾರಿ.

ಲಾರ್ಡ್ ಹ್ಯಾರಿಸರನ್ನು ಭಾರತೀಯ ಕ್ರಿಕೆಟ್ಟಿನ ಪೋಷಕರೆಂದು ಹೊಗಳಿದ ಬರಹಗಳು ಹೇರಳವಾಗಿವೆ. ಅದನ್ನು ಪೂರ್ತಿಯಾಗಿ ಅಲ್ಲಗಳೆಯುವುದು ನ್ಯಾಯವಲ್ಲ. ಹುಲ್ಲಿನ ಅಂಗಣ, ಪೆವಿಲಿಯನ್, ನೆಲೆ ಇವೆಲ್ಲ ದೊರೆತುದರಿಂದ ಆಟ ಬೆಳೆಯಿತು. ಆದರೂ ಒಂದು ಮಾತನ್ನು ಹೇಳದಿರಲಾರೆವು. ಬಿನ್ನಹದಾರರು ಕೇಳಿದ್ದು ಒಂದೇ ಬಯಲಿನಲ್ಲಿ ಪರಸ್ಪರ ಗೌರವದಿಂದ ನಡೆದುಕೊಳ್ಳುವ ಕಟ್ಟುಪಾಡನ್ನು. ಅವರಿಗೆ ದೊರೆತದ್ದು ಬೇಲಿ. ಸವಾರನು ನಡತೆಯನ್ನು ತಿದ್ದಿಕೊಳ್ಳಬೇಕಾದ ಪ್ರಸಂಗವೇ ಬಾರದಂತೆ ಕಾಲಾಳನ್ನು ಬೇರೆಡೆಗೆ ಸಾಗಿಸಲಾಯಿತು. ದೇಶೀಯರೆಂಬ ಒಂದೇ ಹೆಸರಿನಿಂದ ಬಂದವರು ಪಾರಸಿ, ಹಿಂದೂ, ಮುಸಲ್ಮಾನ ಎಂಬ ಮೂರು ಬಾಗಿಲುಗಳ ಮುಂದೆ ಬೇರೆ ಬೇರೆಯಾಗಿ ನಿಂತರು.

ಪಂದ್ಯಗಳೂ ಇದೇ ಅಚ್ಚಿನಲ್ಲಿ ಬೆಳೆದವು. ಐರೋಪ್ಯರಿಗೂ ಪಾರಸಿಗಳಿಗೂ ನಡೆಯುತ್ತಿದ್ದ ವಾರ್ಷಿಕ ಪಂದ್ಯಕ್ಕೆ 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸಲ್ಮಾನರು ಸೇರಿದರು. 1937ರಲ್ಲಿ ಉಳಿದವರಿಗೆಂದು ಐದನೆಯ ತಂಡವೊಂದು ಹುಟ್ಟಿತು. ಆ ವರ್ಷವೇ ಹೊಸ ಬ್ರೇಬೋರ್ನ್ ಕ್ರೀಡಾಂಗಣದಲ್ಲಿ ಆಸನಗಳನ್ನು ಹಂಚುವ ವಿಷಯದಲ್ಲಿ ಮನಸ್ತಾಪ ಬಂದು ಹಿಂದೂ ತಂಡ ಪಂದ್ಯಾವಳಿಯಿಂದ ಹೊರಗುಳಿಯಿತು. ಬಯಲಿನಲ್ಲಿ ನಿಂತು ಪಕ್ಕದವರ ಚೆಂಡನ್ನು ಎಸೆದುಕೊಟ್ಟವರ ಮಕ್ಕಳು ಮೊಮ್ಮಕ್ಕಳು ಕುರ್ಚಿಗಾಗಿ ಕಾದಾಡಿದರು. 1940ರ ಡಿಸೆಂಬರಿನಲ್ಲಿ ಹಿಂದೂ ಜಿಮಖಾನೆಯ ಪ್ರತಿನಿಧಿಗಳು ವಾರ್ಧಾಕ್ಕೆ ಹೋಗಿ ಗಾಂಧೀಜಿಯವರನ್ನು ಕೇಳಿದಾಗ, ಆಟದಲ್ಲಿ ಮತಭೇದದ ತಂಡಗಳೇಕೆಂದು ಅವರು ತಮ್ಮ ಅಸಮ್ಮತಿಯನ್ನು ತಿಳಿಸಿದರು. 1946ರಲ್ಲಿ ಆ ಪಂದ್ಯಾವಳಿ ಕೊನೆಗೊಂಡಿತು.

ಬೇಲಿಯೊಳಗೆ ಬಂದವರೆಲ್ಲ ಒಂದೇ ಸಮಾಜದವರಾದುದರಿಂದ ಅಲ್ಲಿಯಾದರೂ ಪರಸ್ಪರ ಮರ್ಯಾದೆಗೆ ಕೊರತೆಯಿರಲಿಲ್ಲವೆಂದು ಭಾವಿಸಬಹುದೇ? ಧಾರವಾಡದ ಆಟಗಾರನ ವೃತ್ತಾಂತ ಇಲ್ಲಿ ಪ್ರಸ್ತುತವಾಗುತ್ತದೆ.

ಪಾಳವಣಕರ ಬಾಳೂ ಅವರು ಅಂದು ಅಸ್ಪೃಶ್ಯವೆನಿಸಿದ್ದ ಚಮ್ಮಾರ ಸಮಾಜದವರು. ತಂದೆ ಸೈನ್ಯದಲ್ಲಿ ನೌಕರಿಯಲ್ಲಿದ್ದರು. ಕುಟುಂಬ ಪುಣೆಗೆ ಬಂದ ಮೇಲೆ ಹುಡುಗನಿಗೆ ದೊರೆತ ಮೊದಲ ಕೆಲಸ ಪಾರಸಿಗಳ ಕ್ಲಬ್ಬೊಂದರಲ್ಲಿ ಪಿಚ್ಚನ್ನು ಗುಡಿಸಿ ಉರುಳೆ ಹಾಯಿಸುವುದು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಐರೋಪ್ಯರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ನಾಲ್ಕು ರೂಪಾಯಿ. ಪಿಚ್ಚು ಸಿದ್ಧಪಡಿಸುವುದು, ಬಲೆ ಕಟ್ಟುವುದು, ಟೆನಿಸ್ ಅಂಗಣಕ್ಕೆ ಗೆರೆ ಎಳೆಯುವುದು ಇವು ಅವರ ಪಾಲಿನ ಕೆಲಸಗಳು. ಬಲೆಯಲ್ಲಿ ಸದಸ್ಯರಿಗೆ ಅಭ್ಯಾಸಕ್ಕಾಗಿ ಬೌಲ್ ಮಾಡುವ ಅವಕಾಶ ಬಂದಾಗ ಅವರ ಎಡಗೈಯ ಚಳಕ ಬೆಳಕಿಗೆ ಬಂತು. ಪ್ರಸಿದ್ಧ ಬ್ಯಾಟುಗಾರ ಗ್ರೀಗ್ ಎಂಬ ಅಧಿಕಾರಿ ತನ್ನನ್ನು ಔಟ್ ಮಾಡಿದ ಪ್ರತಿಸಲಕ್ಕೂ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿಯಿದೆ. ಆದರೆ ಅದೇ ಬಲೆಯಲ್ಲಿ ಬಾಳೂ ಬ್ಯಾಟು ಹಿಡಿಯಲು ಯಾರೂ ಬಿಡಲಿಲ್ಲ. ಬೌಲಿಂಗು ದುಡಿಮೆ, ಬ್ಯಾಟಿಂಗು ದೊರೆತನ. ನಾವು ಮೇಲೆ ವಿವರಿಸಿದ ಪರಸ್ಪರತೆಗೆ ಅಲ್ಲಿ ಎಡೆಯಿರಲಿಲ್ಲ.

ಇಂಥ ಬೌಲರನ್ನು ಬಿಟ್ಟುಕೊಡಲು ಪುಣೆಯ ಹಿಂದೂ ಕ್ಲಬ್ಬಿನವರಿಗೂ ಮನಸ್ಸು ಬರಲಿಲ್ಲ. ಐರೋಪ್ಯರನ್ನು ಸೋಲಿಸುವ ಆಸೆ ಅವರದು. ಚರ್ಚೆಯ ಬಳಿಕ ಬಾಳೂ ಅವರನ್ನು ತಂಡಕ್ಕೆ ತೆಗೆದುಕೊಂಡರು. ಮೈದಾನದ ಮೇಲೆ ಉಚ್ಚಜಾತಿಯವರು ಅವರು ಮುಟ್ಟಿದ ಚೆಂಡನ್ನು ಮುಟ್ಟಿದರು. ಕ್ರಿಕೆಟ್ಟಿನಲ್ಲಿ ಬೌಲರನ ಕೈಬೆವರು ಹತ್ತಿದ ಚೆಂಡು ಹನ್ನೊಂದು ಜನರ ಕೈ ದಾಟಿ ಅವನ ಕೈಗೇ ಮರಳುತ್ತದೆ. ಇದನ್ನು ತಪ್ಪಿಸಿ ಆ ಆಟವನ್ನು ಆಡಲು ಬಾರದು. ಆದರೆ ಚಹದ ವೇಳೆ ಬಂದಾಗ ಸಹ ಆಟಗಾರರು ಪೆವಿಲಿಯನ್ನಿನೊಳಗೆ ಪಿಂಗಾಣಿ ಬಟ್ಟಲಲ್ಲಿ ಚಹ ಕುಡಿದರು. ಬಾಳೂ ಅವರಿಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಕೈಮುಖ ತೊಳೆಯಲು ನೀರು ತರುವವನೂ ಅಸ್ಪೃಶ್ಯ ಆಳೇ ಆಗಬೇಕು. ಊಟಕ್ಕೆ ತಟ್ಟೆ ಬೇರೆ, ಮೇಜು ಬೇರೆ. ಪಾರಸಿ ಹುಡುಗರಿಗೆ ಚಿಂದಿಯ ಚೆಂಡು ಹೊಲಿದುಕೊಟ್ಟ ಕಾಲದಿಂದ ಬಾಳೂ ಅವರ ಕಾಲದವರೆಗೆ ಚಮ್ಮಾರನ ಕೈ ಈ ಆಟಕ್ಕೆ ಬೇಕಾಗಿಯೇ ಇತ್ತು. ಬೇಡವಾದದ್ದು ಅವನ ಸಹವಾಸ.

ಈ ಸಂಗತಿ ಅಂದಿನ ವಿಚಾರವಂತರ ಕಣ್ಣಿಗೆ ಬೀಳದೆ ಹೋಗಲಿಲ್ಲ. ನ್ಯಾಯಮೂರ್ತಿ ರಾನಡೆಯವರು ಸಾರ್ವಜನಿಕ ಸಭೆಯೊಂದರಲ್ಲಿ ಬಾಳೂ ಅವರಿಗೆ ಮಾಲೆ ಹಾಕಿದರು. ಕೂಡಿ ಆಡುವವರು ಕೂಡಿ ಏಕೆ ಉಣ್ಣಬಾರದೆಂಬುದು ರಾನಡೆಯವರ ಕಡೆಯವರು ಎತ್ತಿದ ಪ್ರಶ್ನೆ. ಶತಮಾನದ ತಿರುವಿನ ಹೊತ್ತಿಗೆ ಬಾಳೂ ಮುಂಬಯಿಗೆ ಬಂದರು. ಅಲ್ಲಿಯ ಹಿಂದೂ ಜಿಮಖಾನೆಯಲ್ಲಿ ಆರಂಭದ ವಿರೋಧ ಅಡಗಿದ ಮೇಲೆ ಅವರಿಗೂ ಅವರ ತಮ್ಮ ಶಿವರಾಮರಿಗೂ ಪ್ರವೇಶ ದೊರೆಯಿತು. ಪುಣೆಯಲ್ಲಿ ಆಗದ ಸಹಭೋಜನ ಮುಂಬಯಿಯಲ್ಲಿ ಆಯಿತು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡ 242 ಮತ್ತು 160 ಓಟಗಳನ್ನು ಗಳಿಸಿ, ಐರೋಪ್ಯರನ್ನು 191 ಮತ್ತು 102ಕ್ಕೆ ಕಟ್ಟಿಹಾಕಿ, 109 ಓಟಗಳಿಂದ ಗೆದ್ದಿತು. ಬಾಳೂ ಎರಡು ಸರದಿಗಳಲ್ಲಿ ಎಂಟು ವಿಕೆಟ್ಟು ಪಡೆದರು. ಮುಂಬಯಿಯ 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆ ಈ ಗೆಲವಿನ ಬಗ್ಗೆ ಬರೆಯುತ್ತ ಓಟಗಳಿಗಿಂತ ಹೆಚ್ಚಾಗಿ ಚಮ್ಮಾರ ಸೋದರರಿಗೆ ಜಿಮಖಾನೆಯಲ್ಲಿ ದೊರೆತ ಸಮಾನತೆಯನ್ನೇ ಎತ್ತಿ ಹೇಳಿತು.

ಈ ಬದಲಾವಣೆಯನ್ನು ಅತಿಯಾಗಿ ವರ್ಣಿಸಲು ನಾವು ಸಿದ್ಧರಿಲ್ಲ. ಗೆಲ್ಲಿಸಿಕೊಡುವವನಿಗೆ ತೋರಿದ ಗೌರವದಲ್ಲಿ ಗೆಲವಿನ ಆಸೆಯ ಪಾಲೆಷ್ಟು, ಮನುಷ್ಯಗೌರವದ ಪಾಲೆಷ್ಟು ಎಂಬುದನ್ನು ತೂಗುವುದು ಕಷ್ಟ. ತೂಗುವ ಒಂದು ಸಾಧನ ಮಾತ್ರ ನಮಗುಂಟು, ಅದು ನಾಯಕತ್ವ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಳೂ 114 ವಿಕೆಟ್ಟು ಪಡೆದರು. ಅವರ ಮಟ್ಟದ ಬೌಲರು ದೇಶದಲ್ಲಿ ಬೇರೊಬ್ಬರಿರಲಿಲ್ಲ. ಆದರೂ ಹಿಂದೂ ತಂಡದ ನಾಯಕ ಪಟ್ಟ ಅವರಿಗೆ ಬರಲಿಲ್ಲ. 1913ರಲ್ಲಿ ನಾಯಕರಾಗಿದ್ದ ಎಂ. ಡಿ. ಪೈ ಅವರು, ಸೇವೆಯಲ್ಲಿ ಹಿರಿಯರಾದ ತಮ್ಮ ಗೆಳೆಯ ಬಾಳೂ ಅವರಿಗೇ ಈ ಗೌರವ ಸಲ್ಲಬೇಕಾಗಿತ್ತೆಂದು ತಮ್ಮ ಸನ್ಮಾನದ ಸಭೆಯಲ್ಲಿಯೇ ಹೇಳಿದರು. ಇಂಥ ಮಾತನ್ನು ಆ ಸಂದರ್ಭದಲ್ಲಿ ಆಡುವುದಕ್ಕೆ ದೊಡ್ಡ ಮನಸ್ಸು ಬೇಕು. 1920ರಲ್ಲಿ ಬಾಳೂ ಅವರನ್ನು ತಂಡದಿಂದ ಕೈಬಿಟ್ಟು, ನಾಯಕತ್ವದಲ್ಲಿ ವಿಠ್ಠಲರನ್ನೂ ಕಡೆಗಣಿಸಿದಾಗ ವಿಠ್ಠಲ, ಶಿವರಾಮ ಇಬ್ಬರೂ ಬಹಿರಂಗ ಹೇಳಿಕೆ ಕೊಟ್ಟು ತಂಡದಿಂದ ಹೊರಬಂದರು. ಗದ್ದಲವೆದ್ದಿತು. ಮುಂದಿನ ಪಂದ್ಯಕ್ಕೆ ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ಆಗ ಪೈ ಅವರು ಬೇಕೆಂದೇ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೋಗಿ, ಬಾಳೂ ತಂಡವನ್ನು ನಡೆಸುವಂತೆ ಮಾಡಿದರು. 1881ರ ಸವಾರರಿಗೂ ಮೈದಾನ ಬಿಟ್ಟುಹೋಗುವ ಈ ದಾರಿ ತೆರೆದೇ ಇತ್ತು.

ಬಾಳೂ 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಅವರಿಗೆ ದೊರೆಯದ ನಾಯಕತ್ವ 1923ರಲ್ಲಿ ತಮ್ಮ ವಿಠ್ಠಲರಿಗೆ ದೊರೆಯಿತು. ಆ ವರ್ಷ ವಿಠ್ಠಲರ ನಾಯಕತ್ವದಲ್ಲಿ ಹಿಂದೂ ತಂಡ ಐರೋಪ್ಯರನ್ನು ಸೋಲಿಸಿ ಪ್ರಶಸ್ತಿ ಪಡೆಯಿತು. ಪಂದ್ಯ ನಡೆದದ್ದು ಬಾಂಬೆ ಜಿಮಖಾನೆಯ ಅಂಗಣದಲ್ಲಿ. ಕುದುರೆಯ ಗೊರಸು ತಗಲದಂತೆ ಸದಸ್ಯರು ಅಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದ ಹುಲ್ಲು ಅದೇ. ಸಂಸ್ಥೆಯ ಸದಸ್ಯತ್ವ ಆಗಲೂ ಐರೋಪ್ಯರಿಗೆ ಮಾತ್ರ ಮೀಸಲಾಗಿತ್ತು.